ಹೊಸ್ತಿಲ ಹೊರಗಿನ ಜೋಡಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಗಡಿಯಂಚಿನ ಈ ಐದು ತಾಲ್ಲೂಕುಗಳಲ್ಲಿ ಯಾರ ಮನೆಗೆ ಹೋದರೂ ದಿನಬಳಕೆಯ ನಾಲ್ಕಾರು ಸಾಮಾನುಗಳಿಗೆ ಹತ್ತಿರದ ಊರಿನದೇ ಗುರುತು ಸಿಗುತ್ತದೆ. ಚಹಾಕ್ಕೆ ಬಿದ್ದ ಸಕ್ಕರೆ ಉಗಾರದ್ದಿರಬಹುದು. ಶಿರಗಾಂವಕರ ಸಹೋದರರು ಅಲ್ಲಿನ ಸಕ್ಕರೆ ಕಂಪನಿಯನ್ನು ಶುರು ಮಾಡಿದ್ದು 1939ರಲ್ಲಿ. ಅಜ್ಜನ ಚಂಚಿಯೊಳಗಿನ ತಂಬಾಕು ನಿಪ್ಪಾಣಿಯದು. ಆ ತಂಬಾಕಿಗೆ ನ್ಯಾಯವಾದ ಬೆಲೆ ಕೊಡಿ ಎಂದು 1981ರಲ್ಲಿ ರೈತರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ದಿನಗಟ್ಟಲೆ ಕೂತರು. ಕೊನೆಗೆ ಅವರಲ್ಲಿ ಕೆಲವರು ಪೊಲೀಸರ ಗುಂಡಿಗೆ ಜೀವ ಕೊಟ್ಟರು. ಗೂಟಕ್ಕೆ ತೂಗಿದ ಕರಿ ಕಂಬಳಿ ಕುರುಬರ ಮಗ್ಗದಿಂದ ಬಂದದ್ದು. ಇವೆಲ್ಲ ಮನೆಯೊಳಗಿನವು. ಇವತ್ತು ನಾನು ಬರೆಯಬೇಕೆಂದಿರುವುದು ಒಳಗೆ ಬರಲು ಯಾವತ್ತೂ ಅಪ್ಪಣೆ ಸಿಗದ, ಹೊಸ್ತಿಲ ಹೊರಗೇ ನಿಂತ ಒಂದು ಸಾಮಾನಿನ ಬಗ್ಗೆ. ಚಪ್ಪಲಿಯ ಬಗ್ಗೆ.

ಅಂಗಡಿಯವರು ಅದನ್ನು ಕೊಲ್ಹಾಪುರಿ ಎಂದು ಮಾರುತ್ತಾರೆ. ಮೈಸೂರು, ಬೆಂಗಳೂರಿನವರಷ್ಟೇ ಅಲ್ಲ, ಹುಬ್ಬಳ್ಳಿಯವರೂ ಅದು ಮಹಾರಾಷ್ಟ್ರದಿಂದ ಬಂತೆಂದೇ ತಿಳಿದು ಕೊಳ್ಳುತ್ತಾರೆ. ಆದರೆ ಅಥಣಿಯಲ್ಲಿ, ನಿಪ್ಪಾಣಿಯಲ್ಲಿ, ಮದಭಾವಿಯಲ್ಲಿ, ರಾಯಬಾಗ ಮತ್ತು ಚಿಕ್ಕೋಡಿಯ ಕಡೆಯ ಊರುಗಳಲ್ಲಿ ಮನೆಯ ಪಡಸಾಲೆಯೇ ಕಾರ್ಖಾನೆಯಾಗಿ ತಲೆಮಾರುಗಳಿಂದ ಈ ಚಪ್ಪಲಿ ತಯಾರಾಗುತ್ತಿದೆ. ಮಾರಲು ಹತ್ತಿರವಿದ್ದ ದೊಡ್ಡ ಪೇಟೆ ಕೊಲ್ಹಾಪುರ, ಹೆಸರು ಪೇಟೆಯದಾಯಿತು. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಒಂದು ತಾಸಿನ ದಾರಿ; ಅಥಣಿ, ಕಾಗವಾಡದವರಿಗೆ ಮಿರಜ, ಸಾಂಗಲಿಗಳು ಬೆಳಗಾವಿಗಿಂತ ಹತ್ತಿರ. ಮದುವೆಯ ಜವಳಿಗೂ ದವಾಖಾನೆಗೂ ಅಲ್ಲಿಗೇ ಹೋಗುವ ಜನ ಚಪ್ಪಲಿ ಮಾರಲು ಮಾತ್ರ ಬೇರೆಲ್ಲಿಗೆ ಹೋದಾರು?

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ತನ್ನ ಗಂಡಸರ ಉಡುಪುಗಳ ಪ್ರದರ್ಶನ ನಡೆಸಿದಾಗ ರೂಪದರ್ಶಿಗಳ ಕಾಲಲ್ಲಿ ಇದೇ ಚಪ್ಪಲಿ ಇತ್ತು. ಭಾರತದ ಹೆಸರಾಗಲಿ, ಕೊಲ್ಹಾಪುರದ ಹೆಸರಾಗಲಿ ಎಲ್ಲಿಯೂ ಇರಲಿಲ್ಲ. ಗದ್ದಲ ಎದ್ದಿತು. ಮಹಾರಾಷ್ಟ್ರದ ಕಡೆಯಿಂದ ಪತ್ರ ಹೋಯಿತು, ಪ್ರಾಡಾ ತನ್ನ ವಿನ್ಯಾಸಕ್ಕೆ ಭಾರತದ ಕೈಕಸುಬು ಪ್ರೇರಣೆ ಎಂದು ಒಪ್ಪಿಕೊಂಡಿತು. ಆ ಹೊತ್ತಿನಲ್ಲಿ ನಮ್ಮ ಸಚಿವ ಪ್ರಿಯಾಂಕ್ ಖರ್ಗೆಯವರು ಒಂದು ಮಾತು ನೆನಪಿಸಿದರು: ಈ ಚಪ್ಪಲಿ ಮಾಡುವ ಕುಶಲಕರ್ಮಿಗಳಲ್ಲಿ ಬಹಳಷ್ಟು ಜನ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದವರು. ಇದು ಹೊಸ ಸಂಗತಿಯಲ್ಲ, ದಾಖಲೆಯಲ್ಲೇ ಇರುವುದು. ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್‌ಕರ್ ಎಂಬ ಎರಡು ಸರ್ಕಾರಿ ಚರ್ಮೋದ್ಯಮ ನಿಗಮಗಳು ಒಟ್ಟಾಗಿ ಅರ್ಜಿ ಹಾಕಿ ಪಡೆದ ಭೌಗೋಳಿಕ ಸೂಚಿಕೆಯಲ್ಲಿ ಎಂಟು ಜಿಲ್ಲೆಗಳಿವೆ. ಅಲ್ಲಿನವು ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ. ಇಲ್ಲಿನವು ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅರ್ಜಿ 2009ರದು, ಮನ್ನಣೆಯ ಸುದ್ದಿ ಕುಶಲಕರ್ಮಿಗಳ ಕಿವಿಗೆ ಬಿದ್ದಾಗ 2019. ಗಡಿಯ ವಿಷಯದಲ್ಲಿ ಜಗಳಾಡುವ ಎರಡು ರಾಜ್ಯಗಳು ಚಪ್ಪಲಿಯ ವಿಷಯದಲ್ಲಿ ಒಂದೇ ಕಾಗದಕ್ಕೆ ಸಹಿ ಹಾಕಿವೆ. ನನಗೆ ಇದು ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಹೆಸರಿನ ವಿಚಾರ ಅಲ್ಲಿಗಿರಲಿ. ಆ ವಸ್ತುವನ್ನೇ ಕೈಗೆತ್ತಿಕೊಂಡು ನೋಡೋಣ.

ಒಂದು ಅಪ್ಪಟ ಜೋಡಿಯಲ್ಲಿ ಮೊಳೆ ಇರುವುದಿಲ್ಲ. ಅಡಿಯ ಭಾಗ ಎಮ್ಮೆ-ಕೋಣದ ದಪ್ಪ ಚರ್ಮ, ಪದರದ ಮೇಲೆ ಪದರ ಇಟ್ಟು ಹೊಲಿದದ್ದು. ಹಿಮ್ಮಡಿಗೆ ಇನ್ನಷ್ಟು ಪದರ. ಮೇಲೆ ಪಾದವನ್ನು ಹಿಡಿಯುವ ಅಗಲ ಪಟ್ಟಿ, ಹೆಬ್ಬೆರಳಿಗೆ ಒಂದು ಕುಣಿಕೆ, ಎರಡೂ ಬದಿಗೆ ಕಿವಿಗಳು. ಪಟ್ಟಿಯ ನಡುವೆ ಮೇಕೆಯ ತೆಳು ಚರ್ಮವನ್ನು ಎಳೆ ಎಳೆಯಾಗಿ ಸೀಳಿ ಹೆಣೆದ ವೇಣಿ. ಈ ಹೆಣಿಗೆಯಲ್ಲೇ ಊರೂರಿನ ಕೈ ಬೇರೆ ಬೇರೆ ಗೊತ್ತಾಗುತ್ತದೆ. ಕಾಪಶಿ ಎಂಬ ಮಾದರಿ ನಿಪ್ಪಾಣಿಯ ಆಚೆಗಿರುವ ಕಾಪಶಿ ಊರಿನ ಹೆಸರು ಹೊತ್ತಿದೆ. ಗದ್ದೆ, ಕಲ್ಲು, ಮುಳ್ಳುಗಳಲ್ಲಿ ನಡೆಯುವ ರೈತನಿಗಾಗಿ ಮಾಡುತ್ತಿದ್ದ ಹಳೆಯ ಜೋಡುಗಳು ಕೈಯಲ್ಲಿ ಎತ್ತಿದರೆ ಭಾರ ತಿಳಿಯುವಂಥವು. ಪೇಟೆಯ ಕಾಲಿಗೆ ತಕ್ಕ ತೆಳು ಚಪ್ಪಲಿ ಬಂದದ್ದು ಆಮೇಲೆ. ಚರ್ಮ ಕೊಯ್ಯಲು ರಂಪಿಗೆ, ತೂತಿಗೆ ಉಳಿ, ಬಡಿದು ಹದ ಮಾಡಲು ಒಂದು ನುಣುಪು ಕಲ್ಲು: ಸಲಕರಣೆ ಇಷ್ಟೇ. ಉಳಿದದ್ದು ಕಣ್ಣಳತೆ.

ಆದರೆ ಚಪ್ಪಲಿಯ ನಿಜವಾದ ಗುಟ್ಟು ಹೊಲಿಗೆಯಲ್ಲಿಲ್ಲ, ಚರ್ಮದ ಹದದಲ್ಲಿದೆ. ಅದನ್ನು ತುಸು ಬಿಡಿಸಿ ಹೇಳಲೇಬೇಕು, ಏಕೆಂದರೆ ಕೊಳ್ಳುವವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಗೊತ್ತಿಲ್ಲದಿರುವುದು ಇದೇ.

ಹಸಿ ಚರ್ಮ ಎರಡು ದಿನ ಇಟ್ಟರೆ ಕೊಳೆಯುತ್ತದೆ. ಬರೀ ಒಣಗಿಸಿದರೆ ಹಲಗೆಯಂತಾಗಿ ಸೆಟೆದು ಬಿರಿಯುತ್ತದೆ. ಅದರೊಳಗಿನ ಪ್ರೋಟೀನಿನ ಎಳೆಗಳನ್ನು ಕೊಳೆಯದಂತೆ ಕಟ್ಟಿಹಾಕುವ ವಸ್ತು ಬೇಕು. ಕಾಯಿ ಮಾವನ್ನೋ ಎಳೆ ಬಾಳೆಕಾಯನ್ನೋ ಕಚ್ಚಿದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಆ ಒಗರಿಗೆ ಕಾರಣವಾದ ಟ್ಯಾನಿನ್ ಈ ಕೆಲಸ ಮಾಡುತ್ತದೆ. ಈ ಸೀಮೆಯ ಜನಕ್ಕೆ ಅದು ಎರಡು ಕಡೆ ಸಿಕ್ಕಿತು: ಕರಿಜಾಲಿಯ ತೊಗಟೆಯಲ್ಲಿ ಮತ್ತು ಅಳಲೆಕಾಯಿಯಲ್ಲಿ. ಜಾಲಿ ಇಲ್ಲಿಯ ಹೊಲದ ಬದುಗಳಲ್ಲೇ ಬೆಳೆಯುವ ಮರ. ಅದರ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದರು, ಕಟ್ಟಿಗೆಯಿಂದ ಕೂರಿಗೆ, ಬಂಡಿ ಮಾಡುತ್ತಿದ್ದರು. ಅಳಲೆಕಾಯಿ ತ್ರಿಫಲಾ ಚೂರ್ಣದ ಮೂರು ಕಾಯಿಗಳಲ್ಲಿ ಒಂದು. ಹೊಟ್ಟೆಯ ಔಷಧಿಯೂ ಚಪ್ಪಲಿಯ ಔಷಧಿಯೂ ಒಂದೇ ಕಾಯಿಂದ ಬಂದವು.

ಮೊದಲು ಚರ್ಮವನ್ನು ತೊಳೆದು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆ ಹಾಕುತ್ತಾರೆ. ಕೂದಲು ಸಡಿಲಾಗುತ್ತದೆ. ಕೂದಲನ್ನೂ ಒಳಮೈಗೆ ಅಂಟಿದ ಮಾಂಸದ ಎಳೆಗಳನ್ನೂ ಹೆರೆದು ತೆಗೆದು, ಸುಣ್ಣ ಹೋಗುವ ತನಕ ಮತ್ತೆ ತೊಳೆಯುತ್ತಾರೆ. ಆಮೇಲೆ ಆ ಚರ್ಮವನ್ನೇ ಅಂಚು ಕೂಡಿಸಿ ಚೀಲದ ಹಾಗೆ ಹೊಲಿದು ಮರದ ಚೌಕಟ್ಟಿಗೆ ತೂಗುಹಾಕುತ್ತಾರೆ. ಒಳಗೆ ಜಜ್ಜಿದ ತೊಗಟೆ, ಕಾಯಿ ಮತ್ತು ಅವುಗಳ ರಸ. ರಸ ಚರ್ಮದ ಒಂದೊಂದು ರಂಧ್ರದಿಂದ ಜಿನುಗಿ ಕೆಳಗಿನ ತೊಟ್ಟಿಗೆ ತೊಟ್ಟಿಕ್ಕುತ್ತದೆ. ಅದನ್ನೇ ಬಾಚಿ ಮತ್ತೆ ಮೇಲಿಂದ ಸುರಿಯುತ್ತಾರೆ. ಕೆಲವು ದಿನಗಳಾದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಮತ್ತೆ ಅದೇ ಕೆಲಸ. ಹಸಿ ಚರ್ಮ ಚಪ್ಪಲಿಗೆ ಯೋಗ್ಯವಾಗಲು ತಿಂಗಳು ಹಿಡಿಯುತ್ತದೆ. ಕ್ರೋಮಿಯಂ ಲವಣ ಹಾಕುವ ಈಗಿನ ಕಾರ್ಖಾನೆಯಲ್ಲಿ ಹದ ಹಾಕುವ ಕೆಲಸ ಒಂದೆರಡು ದಿನದಲ್ಲಿ ಮುಗಿಯುತ್ತದೆ.

ಆ ತಿಂಗಳ ಕೆಲಸದ ಫಲವೇ ನಿಮ್ಮ ಕಾಲಿಗೆ ಸಿಗುವುದು. ತೊಗಟೆಯಲ್ಲಿ ಹದವಾದ ಚರ್ಮ ಗಟ್ಟಿ; ಅಸ್ತರಿ ಇಲ್ಲದೆ ಅಡಿಯಾಗಿ ನಿಲ್ಲುತ್ತದೆ. ಬೆವರು ಹೀರುತ್ತದೆ. ಮೊದಲ ವಾರ ಕಚ್ಚುತ್ತದೆ, ನಿಜ. ಆದರೆ ಎಣ್ಣೆ ಕುಡಿಸಿ ಮೆಟ್ಟುತ್ತ ಹೋದರೆ ಪಾದದ ಗುರುತು ಅದರ ಮೇಲೆ ಬೀಳುತ್ತದೆ. ಆಮೇಲೆ ಅದು ನಿಮ್ಮೊಬ್ಬರದೇ ಚಪ್ಪಲಿ. ಮನೆಯ ಇನ್ನೊಬ್ಬರ ಕಾಲಿಗೆ ಸರಿಹೋಗದು. ರಬ್ಬರು, ರೆಕ್ಸಿನ್‌ಗಳಲ್ಲಿ ಈ ಗುಣ ಎಷ್ಟು ಹುಡುಕಿದರೂ ಸಿಗದು.

ಈ ಕೆಲಸ ಮಾಡಿದವರು ಯಾರು ಎಂಬುದನ್ನು ಬಿಟ್ಟು ಚಪ್ಪಲಿಯ ಕಥೆ ಹೇಳಿದರೆ ಅದು ಸುಳ್ಳು ಕಥೆ. ಚರ್ಮ ಹದ ಮಾಡಿದವರು ಢೋರ ಸಮುದಾಯದವರು, ಚಪ್ಪಲಿ ಹೊಲಿದವರು ಸಮಗಾರರು. ಊರಿನ ಆಯಗಾರರಲ್ಲಿ ಸಮಗಾರನೂ ಒಬ್ಬ. ಅವನು ರೈತನಿಗೆ ಕೊಡುತ್ತಿದ್ದದ್ದು ಚಪ್ಪಲಿಯೊಂದನ್ನೇ ಅಲ್ಲ. ನೊಗಕ್ಕೆ ಕಟ್ಟುವ ಮಿಣಿ, ಬಾರುಕೋಲಿನ ಬಾರು, ಎತ್ತಿನ ಕೊರಳಿನ ಗೆಜ್ಜೆಪಟ್ಟಿ, ಎಲ್ಲಕ್ಕಿಂತ ಮುಖ್ಯವಾಗಿ ಬಾವಿಯಿಂದ ಎತ್ತು ಹೂಡಿ ನೀರೆತ್ತುವ ಕಪಿಲೆಯ ಚರ್ಮದ ಬಾನಿ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಜೋಳದ ಆಯ ಬರುತ್ತಿತ್ತು. ಚರ್ಮ ಇಲ್ಲದೆ ಒಕ್ಕಲುತನ ಒಂದು ದಿನವೂ ನಡೆಯುತ್ತಿರಲಿಲ್ಲ.

ಆಮೇಲೆ ಕಬ್ಬಿಣ ಬಂತು. ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಕಬ್ಬಿಣದ ನೇಗಿಲಿಗೆ ಕೈಹಾಕಿ, 1910ರಲ್ಲಿ ಮಹಾರಾಷ್ಟ್ರದ ಕಡೆ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಮುಂದೆ ಎಣ್ಣೆ ಇಂಜಿನ್ನು, ಪಂಪು ಬಂದು ಬಾವಿಯ ಮೇಲೆ ಕೂತವು. ಕಪಿಲೆ ನಿಂತಿತು, ಬಾನಿ ಹೋಯಿತು. ಟ್ರ್ಯಾಕ್ಟರ್ ಬಂದು ಮಿಣಿಯೂ ಬಾರುಕೋಲೂ ಹೋದವು. ರೈತನ ಬದುಕು ಹಗುರಾಯಿತು, ಅದು ಒಳ್ಳೆಯದೇ. ಆದರೆ ಸಮಗಾರನ ಕೈಯಲ್ಲಿ ಹತ್ತು ಕೆಲಸಗಳ ಪೈಕಿ ಉಳಿದದ್ದು ಒಂದೇ. ನಾವು ಇಂದು ಕಾಲಿಗೆ ಹಾಕಿಕೊಳ್ಳುವುದು ಅಳಿದುಹೋದ ಒಂದು ದೊಡ್ಡ ಕಸುಬಿನ ಕಟ್ಟಕಡೆಯ ವಸ್ತು.

ಹತ್ತಾರು ಊರುಗಳಲ್ಲಿ ಚಪ್ಪಲಿ ಮಾಡಿದ ಮನುಷ್ಯನೇ ದೊಡ್ಡವರ ಓಣಿಯಲ್ಲಿ ತನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾದ ಕಾಲವೂ ಇತ್ತು. ಇದಕ್ಕೆ ಎದುರಾಗಿ ಕನ್ನಡ ನಾಡು ಹನ್ನೆರಡನೆಯ ಶತಮಾನದಲ್ಲೇ ಒಂದು ಉತ್ತರ ಕೊಟ್ಟಿತ್ತು. ಶರಣ ಸಮಗಾರ ಹರಳಯ್ಯ ಮತ್ತು ಅವರ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಕೊಟ್ಟರು, ಬಸವಣ್ಣ ಅವನ್ನು ಕಾಲಿಗೆ ಹಾಕದೆ ತಲೆಯ ಮೇಲಿಟ್ಟುಕೊಂಡರು ಎಂಬ ಕಥೆ ಈ ಭಾಗದ ಮನೆಮನೆಗೂ ಗೊತ್ತು. ಅದೇ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಆದ ಮದುವೆಯೇ ಕಲ್ಯಾಣದ ದುರಂತಕ್ಕೆ ನೆಪವಾಯಿತು. ಚರ್ಮ ಹದ ಮಾಡುವ ಕಾಯಕದಿಂದ ಬಂದ ಡೋಹರ ಕಕ್ಕಯ್ಯನವರ ಸಮಾಧಿ ಇದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿದೆ. ಶರಣರು ಕಾಯಕ ಎಂದಾಗ ಅವರ ಕಣ್ಣ ಮುಂದಿದ್ದದ್ದು ಈ ಸುಣ್ಣದ ತೊಟ್ಟಿ, ಈ ರಂಪಿಗೆ, ಈ ವಾಸನೆ.

ಗಡಿಯಾಚೆ ಕೊಲ್ಹಾಪುರದ ದೊರೆ ಶಾಹು ಮಹಾರಾಜರು ಈ ಕಸುಬಿಗೆ ಬೆಂಬಲ ಕೊಟ್ಟರು. ಮುಂದೆ ಮುಂಬೈಯ ಅಂಗಡಿಗಳು ತೆಳು ಚಪ್ಪಲಿಯನ್ನು ಪೇಟೆಯ ಜನಕ್ಕೆ ಮಾರಿದವು. 1960-70ರ ದಶಕದಲ್ಲಿ ಭಾರತಕ್ಕೆ ಬಂದ ಹಿಪ್ಪಿಗಳು ಅದನ್ನು ಯುರೋಪ್, ಅಮೆರಿಕಗಳಿಗೆ ಮೆಟ್ಟಿಕೊಂಡು ಹೋದರು. ಬೇಡಿಕೆ ಏರಿತು, ಅದರ ಹಿಂದೆಯೇ ಕಳಪೆ ಮಾಲೂ ಬಂತು.

ಅಥಣಿಯಲ್ಲಿ ಇನ್ನೊಂದು ಕಥೆ ನಡೆಯಿತು, ಅದು ಹೆಣ್ಣುಮಕ್ಕಳದು. ಚಪ್ಪಲಿ ಮಾಡುವ ಮನೆಗಳಲ್ಲಿ ಅಡಿ ಕೊಯ್ಯುವುದು, ಜೋಡಿಸುವುದು, ಸಂತೆಗೆ ಒಯ್ದು ಮಾರುವುದು ಗಂಡಸರ ಕೆಲಸ. ವೇಣಿ ಹೆಣೆಯುವುದು, ಪಟ್ಟಿ ಹೊಲಿಯುವುದು, ಚಿತ್ತಾರದ ತೂತು ಹಾಕುವುದು ಹೆಂಗಸರದು. ಗಿರಾಕಿ ಮರುಳಾಗುವುದು ವೇಣಿಗೆ. ಹಣ ಎಣಿಸಿಕೊಳ್ಳುವ ಕೈ ಮಾತ್ರ ಬೇರೆ. ಮಳೆಗಾಲದಲ್ಲಿ ಚರ್ಮ ಒಣಗದು, ಚಪ್ಪಲಿ ಮಾರಾಟವಾಗದು. ಆ ನಾಲ್ಕು ತಿಂಗಳು ವ್ಯಾಪಾರಿಯ ಹತ್ತಿರ ಸಾಲ, ಉಳಿದ ತಿಂಗಳೆಲ್ಲ ಆ ಸಾಲಕ್ಕೆ ಅವನು ಹೇಳಿದ ದರದಲ್ಲಿ ಮಾಲು. ಇದು ಸುತ್ತುತ್ತಲೇ ಇದ್ದ ಚಕ್ರ. ಬೆಂಗಳೂರಿನ ಅಸೆಂಟ್ ಸಂಸ್ಥೆ, ಮಧುರಾ ಛತ್ರಪತಿಯವರ ಮುಂದಾಳತ್ವದಲ್ಲಿ, ಅಥಣಿಯ ಹೆಣ್ಣುಮಕ್ಕಳನ್ನು ಸ್ವಸಹಾಯ ಗುಂಪುಗಳಾಗಿ ಕಟ್ಟಿ ಟೋಹೋಲ್ಡ್ ಎಂಬ ಹೆಸರಿನಲ್ಲಿ ಅವರದೇ ಸಂಘಟನೆ ನಿಲ್ಲಿಸಿತು. ಕಾಲಿನ ಅಳತೆಗಳನ್ನು ಒಂದು ಕ್ರಮಕ್ಕೆ ತರುವುದು, ಎಡ-ಬಲ ಒಂದೇ ತೂಕ ಬರುವಂತೆ ನೋಡುವುದು, ಹೊಸ ಬಣ್ಣ ಮತ್ತು ವಿನ್ಯಾಸ, ನೇರವಾಗಿ ಹೊರದೇಶಕ್ಕೆ ಮಾರಾಟ, ಹಣ ಹೆಣ್ಣುಮಕ್ಕಳ ಖಾತೆಗೆ: ಮೊದಲು ಯಾರೂ ಮಾಡದಿದ್ದ ಇಂಥ ಕೆಲಸಗಳಾದವು.  ಪ್ರಾಡಾ ಗದ್ದಲಕ್ಕೆ ಎಷ್ಟೋ ವರ್ಷ ಮೊದಲೇ ಹೊರದೇಶಗಳು ಅಥಣಿಯ ಹೆಸರು ಕೇಳಿದ್ದವು. ನಮ್ಮ ಪತ್ರಿಕೆಗಳೇ ಅದನ್ನು ಸಾಕಷ್ಟು ಹೇಳಲಿಲ್ಲ ಎಂಬ ಕೊರಗು ನನಗಿದೆ.

ಈಗಿನ ಕಷ್ಟ ಬೇರೆ ಕಡೆಯಿಂದ ಬಂದಿದೆ. ಮಹಾರಾಷ್ಟ್ರದಲ್ಲಿ 2015ರಿಂದ, ಕರ್ನಾಟಕದಲ್ಲಿ 2021ರಿಂದ ಜಾನುವಾರು ಹತ್ಯೆ ಕಾನೂನು ಬಿಗಿಯಾಗಿ ಎತ್ತಿನ ಚರ್ಮ ಪೇಟೆಯಿಂದ ಹೋಯಿತು. ನಮ್ಮಲ್ಲಿ 13 ವರ್ಷ ಮೀರಿದ ಎಮ್ಮೆ-ಕೋಣಗಳಿಗೆ ಮಾತ್ರ ಅವಕಾಶವಿದೆ. ಅಡಿಗೆ ಬೇಕಾದ ದಪ್ಪ ಚರ್ಮ ದುಬಾರಿಯಾಯಿತು, ಸಾಗಿಸುವವರು ಹೆದರುವಂತಾಯಿತು. ಕಾನೂನಿನ ಪರ-ವಿರೋಧ ಏನೇ ಇರಲಿ, ಅದನ್ನು ಬರೆಯುವಾಗ ಚಪ್ಪಲಿ ಹೊಲಿಯುವವನ ಹೊಟ್ಟೆಯ ಲೆಕ್ಕ ಯಾರೂ ಇಡಲಿಲ್ಲ ಎಂಬುದು ನಿಜ. ಇನ್ನೊಂದು ಕಡೆ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಸಿಂಥೆಟಿಕ್ ನಕಲು ಅದೇ ಹೆಸರಿನಲ್ಲಿ ಅರ್ಧಕ್ಕರ್ಧ ಬೆಲೆಗೆ ಬರುತ್ತದೆ. ಮೂರನೆಯದು, ತೊಟ್ಟಿಯ ಕೆಲಸಕ್ಕೆ ಮುಂದಿನ ತಲೆಮಾರು ಬರುತ್ತಿಲ್ಲ. ಅಪ್ಪನ ಕೈಯ ಸುಣ್ಣದ ಹುಣ್ಣು ನೋಡಿ ಬೆಳೆದ ಹುಡುಗ ಇಚಲಕರಂಜಿಯ ಮಗ್ಗಕ್ಕೋ ಪುಣೆಯ ಕಾರ್ಖಾನೆಗೋ ಹೋದರೆ ಅವನನ್ನು ತಪ್ಪೆನ್ನಲು ನಮಗೆ ಹಕ್ಕಿಲ್ಲ. ಹದ ಮಾಡುವವರು ನಿಂತುಹೋದರೆ ಹೊಲಿಯುವವರು ಎಷ್ಟಿದ್ದರೂ ಚಪ್ಪಲಿ ಅದೇ ಚಪ್ಪಲಿಯಾಗಿ ಉಳಿಯದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಈ ಚೀಲದ ಹದವನ್ನು ಬೇಗ ಮತ್ತು ಕಡಿಮೆ ಕಷ್ಟದಲ್ಲಿ ಮಾಡುವ ವಿಧಾನಗಳ ಮೇಲೆ ಕೆಲಸ ಮಾಡಿದೆ. ಅದು ನಿಪ್ಪಾಣಿ, ಅಥಣಿಗಳ ತೊಟ್ಟಿಯ ತನಕ ಬರಬೇಕು.

2025ರ ಡಿಸೆಂಬರ್‌ನಲ್ಲಿ ಪ್ರಾಡಾ ಕಂಪನಿ ಲಿಡ್‌ಕಾಮ್ ಮತ್ತು ಲಿಡ್‌ಕರ್ ಜೊತೆ ಒಪ್ಪಂದಕ್ಕೆ ಬಂತು. ಎರಡೂ ರಾಜ್ಯಗಳ ಕುಶಲಕರ್ಮಿಗಳಿಂದ 2,000 ಜೋಡಿ ಮಾಡಿಸಿ, ಒಂದು ಜೋಡಿಗೆ ಸುಮಾರು 800 ಯೂರೊದಂತೆ ಮಾರುತ್ತೇವೆ ಎಂದು ಹೇಳಿತು. ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿ ಮೀರಿದ ಬೆಲೆ. ನಿಪ್ಪಾಣಿಯ ಪೇಟೆಯಲ್ಲಿ ಒಳ್ಳೆಯ ಜೋಡಿ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಒಪ್ಪಂದ ಒಳ್ಳೆಯದೇ, ನಾನು ಅದನ್ನು ಸ್ವಾಗತಿಸುತ್ತೇನೆ. ಆದರೆ ಎರಡು ಸಾವಿರ ಜೋಡಿಯಿಂದ ಎಂಟು ಜಿಲ್ಲೆಗಳ ಒಲೆ ಉರಿಯದು. ಪ್ರಾಡಾ ವಿರುದ್ಧ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ತಳ್ಳಿಹಾಕಿತು. ಸೂಚಿಕೆಯ ಹಕ್ಕು ನೋಂದಾಯಿತ ಒಡೆಯರದು, ಬೇಕಾದರೆ ಅವರೇ ಬರಲಿ ಎಂಬುದು ಅದರ ನಿಲುವು. ಒಡೆಯರೆಂದರೆ ಆ ಎರಡು ನಿಗಮಗಳು. ಹಾಗಾಗಿ ನಮ್ಮ ರಾಜ್ಯದಲ್ಲಿ ಜವಾಬ್ದಾರಿ ಯಾರ ಮೇಲಿದೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ. 1976ರಲ್ಲಿ ಹುಟ್ಟಿದ ಲಿಡ್‌ಕರ್ ಈಚೆಗೆ ನಟ ಧನಂಜಯ ಅವರನ್ನು ರಾಯಭಾರಿ ಮಾಡಿಕೊಂಡು ಜನರ ಗಮನ ಸೆಳೆದಿದೆ. ಇನ್ನು ಆಗಬೇಕಾದದ್ದು ಎರಡು: ಮಳೆಗಾಲದ ನಾಲ್ಕು ತಿಂಗಳಿಗೆ ವ್ಯಾಪಾರಿಯ ಬದಲು ನಿಗಮವೇ ಮುಂಗಡ ಕೊಡಬೇಕು, ಪ್ರತಿ ಜೋಡಿಯ ಮೇಲೆ ಅದು ತಯಾರಾದ ಊರಿನ ಹೆಸರು ಅಚ್ಚಾಗಬೇಕು. ಅಥಣಿಯದು ಅಥಣಿ ಎಂದೇ, ಮದಭಾವಿಯದು ಮದಭಾವಿ ಎಂದೇ.

ಓದುಗರಿಂದ ಆಗುವ ಕೆಲಸವೂ ಇದೆ. ಚಪ್ಪಲಿ ಕೊಳ್ಳುವಾಗ ಅಡಿಯ ಕೊಯ್ದ ಅಂಚನ್ನು ನೋಡಿ. ಅಪ್ಪಟ ಚರ್ಮವಾದರೆ ಎಳೆ ಎಳೆಯಾದ ಪದರ ಕಾಣುತ್ತದೆ, ನಕಲಾದರೆ ನುಣುಪಾದ ಒಂದೇ ರಟ್ಟು. ಮೂಸಿ ನೋಡಿ, ತೊಗಟೆಯ ವಾಸನೆ ಬೇರೆ, ರಾಸಾಯನಿಕದ ಘಾಟು ಬೇರೆ. ಹೊಲಿಗೆ ಇದೆಯೋ ಬರೀ ಅಂಟಿದೆಯೋ ತಿರುಗಿಸಿ ನೋಡಿ. ಮನೆಗೆ ತಂದ ರಾತ್ರಿ ಕೊಬ್ಬರಿ ಎಣ್ಣೆಯನ್ನೋ ಔಡಲೆಣ್ಣೆಯನ್ನೋ ಪಟ್ಟಿಗೂ ಹೆಬ್ಬೆರಳ ಕುಣಿಕೆಗೂ ಸವರಿಡಿ. ನೀರಿಗೆ ಹಾಕಬೇಡಿ, ತೊಯ್ದರೆ ಬಿಸಿಲಿಗಲ್ಲ, ನೆರಳಿಗಿಡಿ. ಕಿತ್ತರೆ ಎಸೆಯಬೇಡಿ, ಸಂತೆಯಲ್ಲಿ ಕೂತ ಸಮಗಾರ ಅಣ್ಣನ ಹತ್ತಿರ ಒಯ್ದರೆ ಹೊಸ ಅಡಿ ಹಾಕಿಕೊಡುತ್ತಾನೆ. ಅಂಗಡಿಯವನಿಗೆ ಇದು ಯಾವ ಊರಿನದು ಎಂದು ಕೇಳಿ; ಹತ್ತು ಗಿರಾಕಿಗಳು ಕೇಳಿದರೆ ಹನ್ನೊಂದನೆಯವನಿಗೆ ಹೇಳಲು ಅವನು ತಿಳಿದುಕೊಳ್ಳುತ್ತಾನೆ. ಅಥಣಿ, ನಿಪ್ಪಾಣಿ, ರಾಯಬಾಗಗಳ ಕಡೆ ಹೋದಾಗ ಮಾಡಿದವರ ಮನೆ ಬಾಗಿಲಲ್ಲೇ ಕೊಳ್ಳಿ, ಅವರು ಹೇಳಿದ ಬೆಲೆಗೇ ಕೊಳ್ಳಿ, ಚೌಕಾಸಿ ಮಾಡಬೇಡಿ.